ತಗ್ಗಿಗೆ ಬಿದ್ದ ಹಾಸು

ಸಿಟ್ಟು ಬಂದರೆ ನಾನು ಅರ್ಜಿ ಬರೆಯುತ್ತೇನೆ. ಕೆಲವರು ಬೈಯುತ್ತಾರೆ, ಕೆಲವರು ಊಟ ಬಿಡುತ್ತಾರೆ. ನಾನು ಬಿಳಿ ಹಾಳೆ ಹುಡುಕುತ್ತೇನೆ. ಬೀದಿ ದೀಪಕ್ಕೆ, ನಲ್ಲಿ ನೀರಿಗೆ, ಕೈ ಮಾಡಿದರೂ ನಿಲ್ಲದ ಬಸ್ಸಿಗೆ, ಎಲ್ಲದಕ್ಕೂ ಬರೆದಿದ್ದೇನೆ. ಗೆದ್ದದ್ದು ಕಡಿಮೆ. ಆದರೆ ಸೋತು ಇಷ್ಟು ಖುಷಿಪಟ್ಟ ಅರ್ಜಿ ಒಂದೇ ಒಂದು. ಊರಿನ ಹೆಸರು ಮಾತ್ರ ಕೇಳಬೇಡಿ; ಆ ಕಚೇರಿಯವರೂ ನಾನೂ ಈಗ ಚೆನ್ನಾಗಿದ್ದೇವೆ.

ನಮ್ಮದು ನೇಕಾರರ ಮನೆ. ಬಸುರಿ ಮಗಳಿಗೆ ಏಳು ತಿಂಗಳು ತುಂಬುವುದರಲ್ಲಿತ್ತು. ಸೀಮಂತಕ್ಕೆ ನಮ್ಮ ಕಡೆ ಕುಬಸ ಎನ್ನುತ್ತಾರೆ; ಅವಳ ಕುಬಸದ ದಿನ ನಮ್ಮ ಮಗ್ಗದ್ದೇ ಹಸಿರು ಸೀರೆ ಉಡಿಸಬೇಕೆಂದು ನನ್ನ ಹೆಂಡತಿ ಹಟ ಹಿಡಿದಿದ್ದಳು.

"ಊರ ಮಂದೀಗೆಲ್ಲಾ ನೇಯ್ದು ಕೊಟ್ಟೀರಿ. ಹೆತ್ತ ಮಗಳಿಗೆ ಅಂಗಡಿ ಸೀರಿ ತರ್ತೀರೇನು?" ಎಂದಳು.

ಕುಬಸಕ್ಕೆ ಇನ್ನು ಇಪ್ಪತ್ತು ದಿನ. ಇಳಕಲ್ಲಿಗೆ ಹೋಗಿ ಗಿಣಿ ಹಸಿರು ರೇಷ್ಮೆಯ ಹಾಸು, ಅಂದರೆ ಸೀರೆಯ ಉದ್ದಕ್ಕೆ ಓಡುವ ಎಳೆಗಳ ಕಟ್ಟು, ಸಿದ್ಧಮಾಡಿಸಿ ಸ್ಕೂಟರಿನ ಹಿಂದೆ ಬಿಗಿದೆ. ಹುನಗುಂದ ದಾಟಿದೆ. ಅಮೀನಗಡದಲ್ಲಿ ನಿಂತು ಮಗಳಿಗೆಂದು ಕರದಂಟು ಕೊಂಡೆ. ಅಷ್ಟು ದೂರ ಹಾಸು ಮಿಸುಕಲಿಲ್ಲ. ನಮ್ಮ ಓಣಿಯ ಬಾಯಿಗೆ ಬಂದಾಗ ಬಾಗಿಲಲ್ಲಿ ನಿಂತ ಹೆಂಡತಿ ಕಾಣಿಸಿದಳು. ಕೈ ಎತ್ತಿದೆ. ಮುಂದಿನ ಗಾಲಿ ತಗ್ಗಿಗೆ ಇಳಿಯಿತು.

ನಾನೊಂದು ಕಡೆ, ಸ್ಕೂಟರೊಂದು ಕಡೆ. ಮೊಣಕಾಲು ತರಚಿತು, ಕನ್ನಡಿ ಒಡೆಯಿತು. ಹಾಸಿನ ಕಟ್ಟು ಹರಿದು, ಒಂದು ತುದಿಯ ನಾಲ್ಕು ಮೊಳ ಎಳೆಗಳು ಒಂದಕ್ಕೊಂದು ಸುತ್ತಿಕೊಂಡು ಕಾಗೆ ಗೂಡಿನಂತಾದವು. ಹೆಂಡತಿ ಓಡಿಬಂದು ನನ್ನನ್ನು ಎಬ್ಬಿಸಿದಳು, ಆಮೇಲೆ ಹಾಸನ್ನು ಎತ್ತಿಕೊಂಡಳು.

"ಬರ್ರಿ, ಇಬ್ರೂ ಕೂತು ಬಿಡಸೂಣು."

"ಮುಟ್ಟಬ್ಯಾಡ! ಅದು ಪುರಾವೆ!" ಎಂದು ಕೂಗಿದೆ. ರಸ್ತೆ ಪಟ್ಟಣ ಪಂಚಾಯಿತಿಯವರದು, ತಗ್ಗು ಅವರದು, ಪರಿಹಾರವೂ ಅವರೇ ಕೊಡಬೇಕು. ಅಂದೇ ನಾಲ್ಕು ಪುಟದ ಅರ್ಜಿ ಬರೆದೆ.

ಪಟ್ಟಣ ಪಂಚಾಯಿತಿಯಲ್ಲಿ ಅರ್ಜಿ ತೆಗೆದುಕೊಳ್ಳುವ ಅಕ್ಕಾವರು ಕನ್ನಡಕ ಮೂಗಿನ ತುದಿಗಿಳಿಸಿ ಓದಿದರು. ವಾಹನ ಕೆಟ್ಟರೆ ಏನು ಮಾಡಬೇಕೆಂದು ಅವರಿಗೆ ಗೊತ್ತು. ಹಾಸು ಕೆಟ್ಟರೆ ಗೊತ್ತಿಲ್ಲ. ಫೋಟೋ ತನ್ನಿ ಎಂದರು, ತಂದೆ. ರಸೀದಿ ತನ್ನಿ ಎಂದರು, ತಂದೆ. ಕೊನೆಗೆ, "ಮಾಲು ಇದ್ದಂಗ ತರ್ರಿ, ಎಂಜಿನಿಯರ್ ಸಾಹೇಬ್ರು ಕಣ್ಣಾರೆ ನೋಡ್ಬೇಕು" ಎಂದರು. ಇಷ್ಟರಲ್ಲಿ ಒಂಬತ್ತು ದಿನ ಹೋಗಿತ್ತು. ಹಾಸು ಹಳೆಯ ದುಪ್ಪಟಿಯಲ್ಲಿ ಸುತ್ತಿಕೊಂಡು ಅಟ್ಟದ ಮೇಲಿತ್ತು, ಮಗ್ಗ ಖಾಲಿ ಇತ್ತು. ಹೆಂಡತಿ ನನ್ನ ಜೊತೆ ಮಾತು ಬಿಟ್ಟು ತಟ್ಟೆಯ ಸದ್ದಿನಲ್ಲೇ ಎಲ್ಲವನ್ನೂ ಹೇಳುತ್ತಿದ್ದಳು. ಆ ಸಂಜೆ ಮಗಳು ಫೋನು ಮಾಡಿದಳು.

"ಅಪ್ಪಾ, ನನ್ನ ಸೀರಿ ಎಲ್ಲಿಗೆ ಬಂತು?"

"ನಡದೈತಿ ಅವ್ವಾ, ಭಾಳ ಚಂದ ಬರಾಕತ್ತೈತಿ," ಎಂದೆ. ಫೋನಿಟ್ಟ ಮೇಲೆ ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಆದರೂ ಹಟ ಬಿಡಲಿಲ್ಲ. ಅಂಥ ಮನುಷ್ಯ ನಾನು.

ಮರುದಿನ ದುಪ್ಪಟಿ ಹೊತ್ತು ಕಚೇರಿಗೆ ಹೋದೆ. ಎಂಜಿನಿಯರು ಬಾಗಲಕೋಟೆಗೆ ಹೋಗಿದ್ದರು, ನಾಲ್ಕು ಗಂಟೆಗೆ ಬರುವವರಿದ್ದರು. ಪಡಸಾಲೆಯ ಬೆಂಚಿನ ಮೇಲೆ ದುಪ್ಪಟಿ ಬಿಚ್ಚಿಟ್ಟು ಕಾವಲು ಕುಳಿತೆ. ಅಕ್ಕಾವರು ಎರಡು ಸಲ ಹಾದುಹೋದರು. ಮೂರನೆಯ ಸಲ ನಿಂತರು.

"ಇದನ್ನ ಹಿಂಗ ಇಟ್ಟೀರೆಲ್ರಿ, ನೋಡಾಕ ಆಗವಲ್ದು ನನಗ" ಎಂದು ಒಂದು ಎಳೆ ಎತ್ತಿದರು. ಅವರ ತವರೂ ನೇಕಾರರ ಮನೆಯಂತೆ.

"ಮುಟ್ಟಬ್ಯಾಡ್ರಿ, ಪುರಾವೆ ಅದು."

"ಒಂದ ಎಳಿ ರೀ."

ಒಂದೇ ಎಳೆ ಎಂದು ಶುರುವಾದದ್ದು ನಿಲ್ಲಲಿಲ್ಲ. ನಮ್ಮ ಭಾಗದಲ್ಲಿ ಸಿಕ್ಕಾದ ನೂಲು ಕಂಡರೆ ಕೈ ಸುಮ್ಮನಿರುವುದಿಲ್ಲ. ತೆರಿಗೆ ಟೇಬಲ್ಲಿನವರು ಎದ್ದು ಬಂದರು. ಜನನ ಪತ್ರಕ್ಕೆಂದು ಬಂದಿದ್ದ ಇಬ್ಬರು ಹೆಂಗಸರು ಚೀಲ ಬದಿಗಿಟ್ಟು ಕುಳಿತರು. "ಆ ಎಳಿ ಅಲ್ರಿ, ಅದರ ಕೆಳಗಿಂದು!" ಎಂದು ನಾನು ಗದರಿದೆ. ಹಾಗೆ ಗದರುತ್ತಲೇ ಬೆಂಚಿನಿಂದಿಳಿದು ನೆಲಕ್ಕೆ ಕುಳಿತಿದ್ದೆ, ತುದಿ ಹಿಡಿದಿದ್ದೆ. ಯಾವಾಗ ಹಿಡಿದೆನೋ ದೇವರಿಗೇ ಗೊತ್ತು. ಒಂದೇ ಒಂದು ಎಳೆ ತುಂಡಾಯಿತು. ಅಕ್ಕಾವರು ಅದನ್ನು ನಾಲಿಗೆಗೆ ತಾಗಿಸಿ, ಹೊಸೆದು, ಸಣ್ಣ ಗಂಟು ಹಾಕಿದರು. ಯಾರೋ ಚಹಾ ತರಿಸಿದರು. ನಗೆ, ಮಾತು, ತವರಿನ ಮಗ್ಗಗಳ ಸುದ್ದಿ. ಅಷ್ಟು ಸಂತೋಷದ ಸರ್ಕಾರಿ ಕಚೇರಿ ನಾನು ಕಂಡಿರಲಿಲ್ಲ.

ನಾಲ್ಕಕ್ಕೆ ಎಂಜಿನಿಯರ್ ಸಾಹೇಬರು ಬಂದಾಗ, ಹಸಿರು ಹಾಸು ಬಾಗಿಲಿನಿಂದ ಕುಡಿಯುವ ನೀರಿನ ನಲ್ಲಿಯವರೆಗೆ ನೆಟ್ಟಗೆ ಚಾಚಿಕೊಂಡಿತ್ತು. ಅವರು ದಾಟಲಾಗದೆ ಹೊಸ್ತಿಲಲ್ಲೇ ನಿಂತು ಅರ್ಜಿ ಓದಿದರು.

"ನಷ್ಟ ಎಲ್ಲೈತ್ರಿ?"

"ನಿಮ್ಮ ಮಂದೀನ ಬಿಡಿಸಿಬಿಟ್ರು!"

"ತುದಿ ನಿಮ್ಮ ಕೈಯಾಗೈತೆಲ್ರಿ. ಇಲ್ಲದ ನಷ್ಟ ನಾ ಹೆಂಗ ಬರೀಲಿ?"

'ನಷ್ಟ ಕಂಡುಬಂದಿಲ್ಲ' ಎಂದು ಬರೆದರು. ನಾನು ಕೆಳಗೆ ಸಹಿ ಹಾಕಿದೆ. ಬಾಯಿ ಜಗಳಕ್ಕೆ ಸಿದ್ಧವಾಗಿತ್ತು, ಆದರೆ ನಗು ಮೊದಲು ಬಂತು. ತಗ್ಗು ಮುಚ್ಚಲು ಬೇರೆ ಅರ್ಜಿ ಬೇಕೆಂದರು. ಅಲ್ಲೇ ನಿಂತು ಬರೆದುಕೊಟ್ಟೆ, ವಾರದಲ್ಲಿ ಮುಚ್ಚಿದರು ಎನ್ನುವುದನ್ನೂ ಇಲ್ಲಿ ಹೇಳಬೇಕು.

ಮನೆಗೆ ಬಂದು ಹಾಸು ತೋರಿಸಿದಾಗ ಹೆಂಡತಿ ಹತ್ತು ದಿನದ ಮೇಲೆ ಬಾಯಿ ಬಿಟ್ಟಳು. "ನಾ ಬಿಡಸ್ತೇನಿ ಅಂದಾಗ ಪುರಾವೆ ಅಂದ್ರಿ. ಇವತ್ತ ಊರ ಮಂದೀ ಕೈಲೆ ಬಿಡಿಸ್ಕೊಂಡು ಬಂದೀರಿ!" ಅಂದೇ ಕಂಡಿಕೆಗೆ ಅಡ್ಡ ಎಳೆಯ ನೂಲು ಸುತ್ತಲು ಕುಳಿತಳು. ನಾನು ಹಗಲೆಲ್ಲ ಮಗ್ಗ ಬಿಟ್ಟು ಏಳಲಿಲ್ಲ. ಕುಬಸಕ್ಕೆ ಒಂದು ದಿನ ಉಳಿದಿರುವಾಗ ಸೀರೆ ಇಳಿಯಿತು.

ಆರತಿ ಮಾಡಲು ಕರೆದ ಐದು ಮುತ್ತೈದೆಯರಲ್ಲಿ ಅಕ್ಕಾವರೂ ಒಬ್ಬರು. ಹೆಂಡತಿ ತಾನೇ ಕಚೇರಿಗೆ ಹೋಗಿ ಕುಂಕುಮ ಕೊಟ್ಟು ಕರೆದು ಬಂದಿದ್ದಳು. ಮಗಳು ಹಸಿರು ಸೀರೆ ಉಟ್ಟು, ಕೈತುಂಬ ಬಳೆ ತೊಟ್ಟು ಕುಳಿತಿದ್ದಳು. ಅಕ್ಕಾವರು ಆರತಿ ತಟ್ಟೆ ಕೆಳಗಿಟ್ಟು, ಕನ್ನಡಕ ಇಳಿಸಿ, ಅವಳ ಹೊಟ್ಟೆಯ ಮೇಲಿನ ನೆರಿಗೆಯಲ್ಲಿ ಬೆರಳಾಡಿಸಿ ಏನನ್ನೋ ಹುಡುಕಿದರು.

"ಇಲ್ಲೊಂದು ಗಂಟೈತಿ ನೋಡವ್ವಾ, ನಾ ಹಾಕಿದ್ದು. ತಪ್ಪು ತಿಳ್ಕೋಬ್ಯಾಡ."

ಮಗಳು ಅವರ ಬೆರಳನ್ನು ಅಲ್ಲೇ ಒತ್ತಿ ಹಿಡಿದಳು. "ಇರ್ಲಿ ತಗೀರಿ ಅಕ್ಕಾರ. ಒಳಗ ಕೂಸು ಒದ್ಯಾಕತ್ತೈತಿ, ನಿಮಗೂ ತಿಳೀತೇನು?"

ಅಕ್ಕಾವರು ತಿಳಿಯಿತೆಂದು ತಲೆಯಾಡಿಸಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಅಷ್ಟು ಜನರ ಮುಂದೆ, ಒರೆಸಿಕೊಳ್ಳುವುದನ್ನೂ ಮರೆತು, ಖುಷಿಯಿಂದ ಅತ್ತುಬಿಟ್ಟೆ.