ಮಾವ ಅಂಟಿಸಿದ ಹಳದಿ ಚೀಟಿ

ನನ್ನ ಸೋದರಮಾವನನ್ನು ಶಾಸನಸಭೆಯಲ್ಲಿ ಎಲ್ಲರೂ ಚೀಟಿ ಮಾಮ ಎನ್ನುತ್ತಿದ್ದರು. ಮಸೂದೆಯ ಪ್ರತಿಗಳನ್ನು ಸದಸ್ಯರ ಮೇಜಿಗೆ ಹಂಚುವುದು ಅವನ ಮೂವತ್ತೊಂದು ವರ್ಷದ ಕೆಲಸ. ನೌಕರರು ಬಾಯಿ ಹಾಕುವಂತಿರಲಿಲ್ಲ. ಹಾಗಾಗಿ ಯಾವುದಾದರೂ ಕಲಮಿನಲ್ಲಿ ಮೋಸ ಕಂಡರೆ ಆ ಪುಟಕ್ಕೆ ಖಾಲಿ ಹಳದಿ ಚೀಟಿ ಅಂಟಿಸಿಬಿಡುತ್ತಿದ್ದ. ಹಳಬರಿಗೆ ಇದು ಗೊತ್ತಿತ್ತು. ಆರು ಸಲ ಗೆದ್ದಿದ್ದ ನಮ್ಮ ಕ್ಷೇತ್ರದ ಮೇಷ್ಟ್ರಂತೂ ಚೀಟಿ ಕಂಡರೆ ಎದ್ದು ನಿಂತು ಮಂತ್ರಿಗಳ ಬೆವರಿಳಿಸುತ್ತಿದ್ದರು. ಮಾವ ಇದನ್ನು ಮನೆಯಲ್ಲೂ ಬಾಯಿಬಿಟ್ಟವನಲ್ಲ.

ಕಳೆದ ಚುನಾವಣೆಯಲ್ಲಿ ಮೇಷ್ಟ್ರು ಸೋತರು. ಸಭೆಗೆ ಹತ್ತರಲ್ಲಿ ಎಂಟು ಮಂದಿ ಹೊಸಬರೇ ಬಂದರು. ಮೇಷ್ಟ್ರನ್ನು ಸೋಲಿಸಿದವರು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಕೆ. ಬಹಳ ಒಳ್ಳೆಯವರು, ಮಾವನಿಗೂ ಕೈಮುಗಿಯುತ್ತಿದ್ದರು. ಒಳ್ಳೆಯತನ ಒಂದಿದ್ದರೆ ಮಸೂದೆ ಓದಲು ಬಂದುಬಿಡುತ್ತದೆಯೇ?

ಕಾರ್ಖಾನೆ ತಿದ್ದುಪಡಿ ಮಸೂದೆ ಬಂತು. ಹದಿನಾಲ್ಕನೇ ಕಲಮು ಹಳೆಯ ಅಪಘಾತಗಳ ತನಿಖೆಯನ್ನೆಲ್ಲ ಕೈಬಿಡುತ್ತಿತ್ತು. ಬಾಯ್ಲರ್ ಸಿಡಿದು ಸತ್ತ ನನ್ನ ಅಪ್ಪ ಅಂದು ಕುಡಿದು ಬಂದಿದ್ದನೆಂದು ಮಾಲೀಕರು ಬರೆದುಕೊಟ್ಟಿದ್ದರು. ಜನ್ಮದಲ್ಲಿ ತೊಟ್ಟು ಮುಟ್ಟದ ಮನುಷ್ಯ. ಆ ಕಳಂಕ ತೊಳೆಯಲು ಅಮ್ಮನಿಗೆ ಉಳಿದಿದ್ದುದು ತನಿಖೆಯೊಂದೇ.

ಮಸೂದೆ ಹಂಚುವ ದಿನ ಮಾವ ಒಂದು ಪ್ರತಿಯನ್ನೂ ಬಿಡದೆ ಚೀಟಿ ಅಂಟಿಸಿದ. ಸಭೆ ಸೇರುವ ಮೊದಲು ನರ್ಸಮ್ಮ ತಮ್ಮ ಸಾಲಿನವರ ಚೀಟಿಗಳನ್ನೆಲ್ಲ ಜೋಪಾನವಾಗಿ ಬಿಡಿಸಿ ತಂದು ಅವನ ಕೈಗಿಟ್ಟರು.

"ಮರೆತು ಬಿಟ್ಬಿಟ್ಟಿದ್ರಿ ಮಾಮ. ಇನ್ನೊಂದ್ಸಲಕ್ಕೆ ಬರುತ್ತೆ, ಇಟ್ಕೊಳ್ಳಿ."

ಮೂವತ್ತೊಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡವನಿಗೆ ಥಟ್ಟನೆ ಮಾತು ಹೊರಡಲಿಲ್ಲ. ಅಷ್ಟರಲ್ಲಿ ಗಂಟೆಯಾಯಿತು. ನಾಲ್ಕೇ ನಿಮಿಷದಲ್ಲಿ ಮಸೂದೆ ಪಾಸಾಯಿತು. ಪರವಾಗಿ ಕೈಯೆತ್ತಿದವರಲ್ಲಿ ನರ್ಸಮ್ಮನೂ ಇದ್ದರು.

ಸಂಜೆ ಮಾವ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, ಚೀಟಿಯ ಕಥೆಯನ್ನೂ ಸೇರಿಸಿ ಎಲ್ಲವನ್ನೂ ಹೇಳಿದ. ಅಮ್ಮ ಒಲೆ ಆರಿಸಿದಳು.

"ಒಬ್ರೂ ಕೇಳ್ಲಿಲ್ವೇನೋ?"

"ಕೇಳೋಕೆ ಮೇಷ್ಟ್ರೆಲ್ಲಿದ್ದಾರಕ್ಕ?"

ಅಮ್ಮ ಗೋಡೆಗೆ ಒರಗಿ ಕುಳಿತಳು. "ಅವರನ್ನ ಸೋಲಿಸಿದ್ರಲ್ಲಿ ನಂದೂ ಒಂದು ಓಟಿದೆ ಕಣೋ. ಅದೇ ಮುಖ ನೋಡಿ ಸಾಕಾಗಿತ್ತು. ಇನ್ಮೇಲೆ ಓಟಿನ ಕಡೆ ತಲೆ ಹಾಕಲ್ಲ. ಯಾರು ಬಂದ್ರೆ ನನಗೇನು?"

ಮತಗಟ್ಟೆಗೆ ಹೊರಟಿದ್ದ ಅಮ್ಮನಿಗೆ, ಈ ಸಲ ಹೊಸಬರಿಗೇ ಹಾಕು ಎಂದು ದಾರಿಯುದ್ದಕ್ಕೂ ಹೇಳಿಕೊಟ್ಟವನು ನಾನೇ.