ನುಗ್ಗೆ ಗಿಡದ ಹತ್ತಿರದ ಸಂದು

ಕುಕನೂರಿನ ನಮ್ಮ ಮನೆಯ ಹಿತ್ತಲಿಗೆ ಹತ್ತು ಹನ್ನೆರಡು ವರ್ಷ ಜಾಲಿ ಮುಳ್ಳಿನ ಬೇಲಿಯಿತ್ತು. ಕಟ್ಟುವವನು ನಾನೇ. ನಾಲ್ಕು ಸಾಲು ಬದನೆ, ಒಂದಿಷ್ಟು ಪುಂಡಿಪಲ್ಯ, ಒಂದು ನುಗ್ಗೆ ಗಿಡ. ಇಷ್ಟಕ್ಕೆ ಅರಮನೆಯ ಕಾವಲು. ಮುಳ್ಳಿನ ಬೇಲಿಯ ಆಯುಷ್ಯ ಒಂದೇ ವರ್ಷ, ಗೆದ್ದಲು ಹತ್ತಿ ಬುಡ ಪುಡಿಯಾಗುತ್ತದೆ. ಪ್ರತಿ ಬೇಸಿಗೆಯಲ್ಲೂ ಹೊಸ ಮುಳ್ಳು ತಂದು, ಮೊನೆ ಆಚೆಗೆ, ಬುಡ ಈಚೆಗೆ ಮಾಡಿ ಒತ್ತಿ ಕಟ್ಟುತ್ತಿದ್ದೆ. ತಿಂಗಳು ತುಂಬುವುದರೊಳಗೆ ನುಗ್ಗೆ ಗಿಡದ ಹತ್ತಿರ ಒಂದು ಸಂದು ಬಿದ್ದಿರುತ್ತಿತ್ತು. ಪ್ರತಿ ವರ್ಷವೂ ಅದೇ ಜಾಗ.

"ಮತ್ತ ಆಡು ನುಗ್ಗ್ಯಾವ," ಎಂದು ನಾನು ಕೂಗಾಡುತ್ತಿದ್ದೆ.

"ಹೂಂರಿ, ಆಡ ಇರಬೇಕು," ಎಂದು ನನ್ನ ಹೆಂಡತಿ ಒಲೆಯ ಮುಂದೆ ಕೂತೇ ಹೇಳುತ್ತಿದ್ದಳು. ಬದನೆಯ ಒಂದೆಲೆಯೂ ಹರಿದಿಲ್ಲವಲ್ಲ ಎಂದು ನನಗೆ ಒಮ್ಮೆಯೂ ಹೊಳೆಯಲಿಲ್ಲ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವನು ನಾನು.

ಬೇಲಿಯಾಚೆಯ ಮನೆಯವನ ಜೊತೆ ನನ್ನ ಮಾತು ನಿಂತಿತ್ತು. ಬಚ್ಚಲ ನೀರು ಯಾರ ಕಡೆ ಹರಿಯಬೇಕು ಎಂಬ ಘನ ವಿಷಯಕ್ಕೆ ಇಬ್ಬರೂ ಸೇರಿ ಓಣಿ ಕೂಡಿಸಿದ್ದೆವು. ಹೆಂಗಸರೂ ಮಾತಾಡಕೂಡದೆಂದು ಅವರವರ ಮನೆಯಲ್ಲಿ ತಾಕೀತು ಮಾಡಿದ್ದೆವು.

ಕೊನೆಗೆ ಬೇಸತ್ತು, ಹೋದ ವರ್ಷದ ಬೇಸಿಗೆಯಲ್ಲಿ ಕುಷ್ಟಗಿ ಕಡೆಯಿಂದ ಕಲ್ಲಿನ ಕಂಬ, ಕೊಪ್ಪಳದಿಂದ ಆಳೆತ್ತರದ ತಂತಿ ಜಾಳಿಗೆ ತರಿಸಿದೆ. ಹಳೆಯ ಮುಳ್ಳು ಕೀಳುವಾಗ ಆ ಸಂದನ್ನು ಮೊದಲ ಬಾರಿ ಬಗ್ಗಿ ನೋಡಿದೆ. ಅಲ್ಲಿನ ಮುಳ್ಳಿನ ಮೊನೆಗಳನ್ನೆಲ್ಲ ಮೈಗೆ ಚುಚ್ಚದಂತೆ ಯಾರೋ ಒಂದೊಂದಾಗಿ ಮುರಿದಿದ್ದರು. ಕೊಂಬೆಗಳನ್ನು ಎರಡೂ ಪಕ್ಕ ಸರಿಸಿ, ಹಳೆ ಸೀರೆಯ ಅಂಚಿನಿಂದ ಕಟ್ಟಿದ್ದರು. ಒಂದು ನಮ್ಮ ಮನೆಯ ಹಸಿರು ಇಳಕಲ್ ಸೀರೆಯ ಅಂಚು, ಇನ್ನೊಂದು ನಮ್ಮದಲ್ಲ. ಆಡು ಸೀರೆ ಉಡುವುದಿಲ್ಲ. ನನಗೆ ಎಲ್ಲ ತಿಳಿಯಿತು.

"ಅಲ್ಲೊಂದು ಸಣ್ಣ ಬಾಗಲಾ ಇಡ್ರಿ," ಎಂದಳು ಹೆಂಡತಿ, ಹಿಂದೆ ನಿಂತು.

"ಯಾಕ, ಆಡಿಗೇನು?" ಎಂದೆ. ನಾನು ಜಾಳಿಗೆಯನ್ನು ಬಿಗಿಯಾಗಿ ಕಟ್ಟಿಸಿದೆ.

ಶ್ರಾವಣ ಬಂತು. ನಾಗರ ಪಂಚಮಿಯ ಮುನ್ನಾದಿನ ನಮ್ಮ ಕಡೆ ರೊಟ್ಟಿ ಹಬ್ಬ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಮೇಲೆ ಪಲ್ಯ, ಚಟ್ನಿ ಇಟ್ಟು ಹೆಂಗಸರು ಮನೆಮನೆಗೆ ಬೀರುತ್ತಾರೆ. ಬೀದಿಯಿಂದ ಹೋದರೆ ಓಣಿಗೆಲ್ಲ ಕಾಣುತ್ತದೆ. ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಅವಳು ಜಾಳಿಗೆಯ ಈಚೆ ಕೂತಿದ್ದಳು, ಪಕ್ಕದ ಮನೆಯಾಕೆ ಆಚೆ. ಜಾಳಿಗೆಯ ಕಣ್ಣು ಎರಡು ಬೆರಳಿನಗಲ. ನನ್ನ ಹೆಂಡತಿ ಕಡಕ್ ರೊಟ್ಟಿಯನ್ನು ಚೂರು ಮಾಡಿ ಒಂದೊಂದೇ ದಾಟಿಸುತ್ತಿದ್ದಳು, ಆಕೆ ಸೆರಗೊಡ್ಡಿ ಹಿಡಿಯುತ್ತಿದ್ದಳು. ಆಮೇಲೆ ಆಕೆಯ ಸರದಿ. ಹಬ್ಬದ ರೊಟ್ಟಿಯನ್ನು ಯಾರೂ ಮುರಿದು ಕೊಡುವುದಿಲ್ಲ. ಪಕ್ಕಡ ತಂದು ನಾಲ್ಕು ತಂತಿ ಕತ್ತರಿಸಿದ್ದರೆ ಸಾಕಿತ್ತು. ನಾನು ಕಿಟಕಿಯಿಂದ ಸರಿದು, ತಾಟು ಹಾಕಿಕೊಂಡು ಉಂಡೆ.

ಕಾರ್ತಿಕದಲ್ಲಿ ಅವಳು ಹೋದಳು. ಎದೆನೋವು ಎಂದಳು, ಕೊಪ್ಪಳದ ದಾರಿಯಲ್ಲೇ ಮುಗಿಯಿತು. ಸಾವಿನ ಮನೆಯಲ್ಲಿ ಒಲೆ ಹೊತ್ತುವುದಿಲ್ಲವೆಂದು ಪಕ್ಕದ ಮನೆಯಾಕೆ ಬೀದಿ ಸುತ್ತಿ ಬುತ್ತಿ ತಂದಳು. ಹಿಂದೆ ಅವಳ ಗಂಡ ತಲೆ ತಗ್ಗಿಸಿ ನಿಂತಿದ್ದ.

"ಇಷ್ಟು ವರ್ಷದಾಗ ನಿಮ್ಮ ಮುಂಬಾಗಲಾ ಇವತ್ತ ತುಳದೆ ನೋಡ್ರಿ ಅಣ್ಣಾರ," ಎಂದು ಅತ್ತಳು. ನಾನೂ ಅತ್ತೆ.

ಈ ಬೇಸಿಗೆಯಲ್ಲಿ ಅದೇ ಜಾಗದಲ್ಲಿ ಜಾಳಿಗೆ ಕತ್ತರಿಸಿ ಕಬ್ಬಿಣದ ಸಣ್ಣ ಗೇಟು ಕೂಡಿಸಿದೆ. ಪಕ್ಕದ ಮನೆಯವನೇ ಬಂದು ಕಂಬ ಹಿಡಿದ. ತುಕ್ಕು ಹಿಡಿಯದಂತೆ ಬಣ್ಣ ಬಳಿದೆ, ಕಿರುಗುಟ್ಟದಂತೆ ಎಣ್ಣೆ ಬಿಟ್ಟೆ. ರೊಟ್ಟಿ ಹಬ್ಬದ ದಿನ ಆಕೆ ಆಚೆ ಬಟ್ಟೆ ಒಣಹಾಕುತ್ತಿದ್ದಾಗ ಕರೆದು ಹೇಳಿದೆ: "ಬಾಗಲಾ ಇಡಿಸೀನವಾ. ಯಾವಾಗ ಬೇಕಾದ್ರೂ ಬಾ."

ಆಕೆ ಗೇಟನ್ನು ನೋಡಿದಳು, ಅದರಾಚೆಗೆ ನಮ್ಮ ಅಡುಗೆಮನೆಯ ಬಾಗಿಲನ್ನು ನೋಡಿದಳು.

"ಛಲೋ ಮಾಡೀರಿ ಅಣ್ಣಾರ. ಆದ್ರ ಇನ್ನ ಯಾರ ಕಡೆ ಬರ್ಲಿ?"

ಗೇಟನ್ನು ನಾನು ಮುಚ್ಚುವುದಿಲ್ಲ. ಈಗ ನಿಜವಾಗಿಯೂ ಆಡುಗಳು ಬರುತ್ತವೆ. ಪುಂಡಿಪಲ್ಯ ಮುಗಿಯಿತು, ಬದನೆಯೂ ಅರ್ಧಕ್ಕೆ ಬಂದಿದೆ. ಹಿಂಬಾಗಿಲ ಕಟ್ಟೆಯ ಮೇಲೆ ಕೂತು ನೋಡುತ್ತೇನೆ, ಓಡಿಸಲು ಏಳುವುದಿಲ್ಲ.