ಅಂಗೈ ಮೇಲೆ ಎದ್ದು ನಿಂತ ಕಾಯಿ

ತೆಂಗಿನಕಾಯಿ ಹಿಡಿದು ಬೋರ್‌ವೆಲ್ ಪಾಯಿಂಟ್ ಹುಡುಕುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ನಾನು ಚಾಮರಾಜನಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಸುಲಿದ ಕಾಯನ್ನು ಅಂಗೈ ಮೇಲೆ ಮಲಗಿಸಿಕೊಂಡು ಹೊಲದಲ್ಲಿ ನಡೆದರೆ, ಕೆಳಗೆ ನೀರಿರುವ ಕಡೆ ಅದು ತಾನಾಗಿ ಎದ್ದು ನಿಲ್ಲುತ್ತದೆ ಎಂದು ನಮ್ಮ ಕಡೆ ಓದಿದವರೂ ನಂಬುತ್ತಾರೆ. ಕೈಯ ಸ್ನಾಯುಗಳು ನಮಗೇ ತಿಳಿಯದಂತೆ ಅಲುಗುತ್ತವೆ, ಅಷ್ಟೇ ಅದರ ಗುಟ್ಟು ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳಿಕೊಡುತ್ತಿದ್ದೆ. ಆ ಮಾತು ಸುಳ್ಳೆಂದು ಈಗಲೂ ಹೇಳಲಾರೆ. ಹೇಳಿಕೊಡುವುದನ್ನು ಮಾತ್ರ ಬಿಟ್ಟಿದ್ದೇನೆ. ಏಕೆಂದು ಬರೆಯುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಮೊದಲು ಮನೆಯ ವಿಷಯ ಹೇಳಬೇಕು. ನನಗೊಬ್ಬಳು ಅಕ್ಕ ಇದ್ದಳಂತೆ. ಭೀಮನಬೀಡಿನ ನಮ್ಮ ಹಳೇ ಮನೆಯಲ್ಲಿ ಹುಟ್ಟಿ, ಜ್ಞಾನಸ್ನಾನವಾಗುವ ಮೊದಲೇ, ಅದೇ ದಿನ ಹೋಗಿಬಿಟ್ಟಳು. ಅಂಥ ಕೂಸುಗಳನ್ನು ಆಗೆಲ್ಲ ಚರ್ಚಿನ ಸಮಾಧಿ ಜಾಗಕ್ಕೆ ತರುತ್ತಿರಲಿಲ್ಲ. ಅಪ್ಪ ಒಂದು ಟವೆಲಿನಲ್ಲಿ ಸುತ್ತಿಕೊಂಡು ಹೊರಗೆ ಹೋದರು, ಬರಿಗೈಯಲ್ಲಿ ಬಂದರು. ಹೆತ್ತವಳಿಗೆ ಜಾಗ ಹೇಳಬಾರದು ಎಂಬುದು ನಮ್ಮೂರಿನ ವಾಡಿಕೆ, ಅದಕ್ಕೆ ಜಾತಿ ಧರ್ಮ ಇಲ್ಲ. ಹೇಳಿದರೆ ಅವಳು ಮತ್ತೆ ಮತ್ತೆ ಅಲ್ಲಿಗೇ ಹೋಗಿ ಕೂರುತ್ತಾಳೆ, ಮುಂದಿನ ಮಗು ನಿಲ್ಲುವುದಿಲ್ಲ ಎಂದು ಭಯ. ಅಪ್ಪ ಕೊನೆಯವರೆಗೂ ಹೇಳಲಿಲ್ಲ. ನಾನು ಹುಟ್ಟಿ ಬೆಳೆದು ಕೆಲಸಕ್ಕೆ ಸೇರಿದ ಮೇಲೂ ಹೇಳಲಿಲ್ಲ, ಹಾಗೇ ತೀರಿಕೊಂಡರು.

ನವೆಂಬರಿನಲ್ಲಿ ಸತ್ತವರ ಹಬ್ಬ ಬಂದಾಗ ನಾವೆಲ್ಲ ಸಮಾಧಿಗಳಿಗೆ ಸುಣ್ಣ ಬಳಿದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತೇವೆ. ಅವ್ವ ಪ್ರತಿ ಸಲ ಒಂದು ಬತ್ತಿ ಹೆಚ್ಚಿಗೆ ಕೊಳ್ಳುತ್ತಿದ್ದಳು. ತನ್ನ ಅತ್ತೆ, ಮಾವ, ನಮ್ಮಪ್ಪ, ಎಲ್ಲರ ಸಮಾಧಿಗೂ ಹಚ್ಚಿ, ಉಳಿದ ಆ ಒಂದನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಗುಂಡ್ಲುಪೇಟೆಯ ನಮ್ಮ ಈಗಿನ ಮನೆಗೆ ತಂದು, ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಹಚ್ಚುತ್ತಿದ್ದಳು. ಅವಳಿಗೆ ಬೇಕಾಗಿದ್ದುದು ಆ ಬತ್ತಿ ಇಡಲು ಒಂದು ಜಾಗ, ಬೇರೇನೂ ಅಲ್ಲ. ಇದನ್ನು ನಾನು ಯಾವ ಸ್ನೇಹಿತನ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಚರ್ಚಿನ ಯುವಜನರ ಗುಂಪು ತಾಂಜಾನಿಯಾಕ್ಕೆ ಹೊರಟಿತು. ನಮ್ಮ ಸಂತೆಮರಹಳ್ಳಿ ಕಡೆಯ ಸಿಸ್ಟರ್ ಒಬ್ಬರು ಅಲ್ಲಿಯ ಒಂದು ಒಣ ಹಳ್ಳಿಯಲ್ಲಿ ಶಾಲೆ ನಡೆಸುತ್ತಿದ್ದರು. ಬಟ್ಟೆಬರೆ, ಔಷಧಿ ಕೊಡುವುದು, ಮಕ್ಕಳಿಗೆ ಪಾಠ ಮಾಡುವುದು, ಎಲ್ಲಕ್ಕಿಂತ ಮುಖ್ಯವಾಗಿ ಒಂದು ಕೊಳವೆಬಾವಿ ಕೊರೆಸುವುದು, ಇದು ನಮ್ಮ ಸಂಕಲ್ಪ. ಯುವಜನರೆಂದರೆ ಹೆಸರಿಗೆ. ನನ್ನ ತಲೆಯಲ್ಲಿ ಆಗಲೇ ಬಿಳಿಕೂದಲು ಇಣುಕಿತ್ತು. ನಮ್ಮ ಮುಂದಾಳು ಚಿನ್ನಪ್ಪಣ್ಣನಿಗಂತೂ ಮದುವೆಗೆ ಬಂದ ಮಗಳಿದ್ದಳು. ಗುಂಡ್ಲುಪೇಟೆಯಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟಿರುವ ಅವನು ಕಾಯಿ ಹಿಡಿದು ನೀರು ನೋಡುವುದರಲ್ಲಿ ಹೆಸರುವಾಸಿ. ಫಾದರ್ ಬೈದರೂ ಬಿಟ್ಟವನಲ್ಲ.

ಆ ಹಳ್ಳಿಯ ಹೆಂಗಸರು ಹಳದಿ ಕ್ಯಾನು ಹೊತ್ತುಕೊಂಡು ಬೆಳಗಾಗುವ ಮೊದಲೇ ಹೊರಟರೆ ಬಿಸಿಲೇರಿದ ಮೇಲೆ ಕೆಸರು ನೀರಿನೊಂದಿಗೆ ಬರುತ್ತಿದ್ದರು. ಅದನ್ನು ನೋಡಿದ ಮೇಲೆ ನಮಗಾರಿಗೂ ಹಾಡು, ತಮಾಷೆ ಬೇಕೆನಿಸಲಿಲ್ಲ. ಶಾಲೆಯ ಹಿಂದೆ ಸರ್ವೆ ಮಾಡಿದವರು ಒಂದು ಕಡೆ ಗೂಟ ನೆಟ್ಟು ಹೋಗಿದ್ದರು. ಬೋರ್ ಲಾರಿ ಮಾರನೇ ದಿನ ಬರುವುದಿತ್ತು, ಒಂದೇ ಒಂದು ಬಾವಿಗೆ ಮಾತಾಗಿತ್ತು. ಚಿನ್ನಪ್ಪಣ್ಣನಿಗೆ ಸಮಾಧಾನವಿಲ್ಲ. ಸಂಜೆ ಸಂತೆಯಿಂದ ಒಂದು ಕಾಯಿ ತರಿಸಿ, ಜುಟ್ಟು ಬಿಟ್ಟು ಸುಲಿದು, ಅಂಗೈ ಮೇಲೆ ಮಲಗಿಸಿಕೊಂಡು ಸುತ್ತಿದ. ಗೂಟದ ಹತ್ತಿರವೂ ಏನಿಲ್ಲ, ಬೇರೆಲ್ಲೂ ಏನಿಲ್ಲ. ನಾನು ನಕ್ಕಿರಬೇಕು. ಅವನು ಕಾಯನ್ನು ತಂದು ನನ್ನ ಕೈಗೆ ಮಡಗಿ, ನಗೋರ ಕೈಲಿ ಏನಾದದೋ ನೋಡನ ಎಂದ.

ಮಕ್ಕಳ ಮುಂದೆ ಪ್ರಯೋಗ ಮಾಡಿ ತೋರಿಸುವವನ ಗತ್ತಿನಲ್ಲಿ ಹೊರಟೆ. ಮುಳ್ಳುಗಿಡಗಳ ಆಚೆ ಒಂದು ಬೋಳು ನೆಲವಿತ್ತು. ಅಲ್ಲಿ ಕಾಲಿಟ್ಟಿದ್ದೇ ಕಾಯಿ ಅಲುಗಿತು. ನಡುಗಲಿಲ್ಲ, ಹೊರಳಲಿಲ್ಲ. ಮಲಗಿದವರು ಏಳುವ ಹಾಗೆ ನಿಧಾನವಾಗಿ ಎದ್ದು, ಜುಟ್ಟು ಮೇಲಾಗಿ ನಿಂತಿತು. ನಾನು ಕೈಯನ್ನು ಕಲ್ಲಿನಂತೆ ಬಿಗಿಹಿಡಿದಿದ್ದೆ. ಹಿಂದೆ ಸರಿದೆ, ಮಲಗಿತು. ಮುಂದೆ ಬಂದೆ, ಎದ್ದಿತು. ಅಂಗೈಯಲ್ಲಿ ಒಂದು ತಣ್ಣನೆಯ ಭಾರ. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು.

ಚಿನ್ನಪ್ಪಣ್ಣ ಖುಷಿಯಿಂದ ಸಿಸ್ಟರನ್ನು ಕರೆತರಲು ಓಡಿದ. ಅವರ ಜೊತೆ ಊರಿನ ಒಬ್ಬ ಅಜ್ಜಿಯೂ ಬಂದಳು. ನನ್ನ ಕೈಯನ್ನು ನೋಡಿದವಳೇ ಕಾಯನ್ನು ಎತ್ತಿಕೊಂಡು ನೆಲದ ಮೇಲಿಟ್ಟು, ಪಕ್ಕದಲ್ಲೇ ಕುಳಿತುಬಿಟ್ಟಳು. ಆಮೇಲೆ ಮೆಲ್ಲಗೆ ಮಾತಾಡಿದಳು. ಸಿಸ್ಟರ್ ಅದನ್ನು ಕನ್ನಡದಲ್ಲಿ ನಮಗೆ ತಿಳಿಸಿದರು. ಹೆಸರಿಡುವ ಮೊದಲೇ ಸತ್ತ ಕೂಸುಗಳನ್ನು ಆ ಊರಿನವರು ಹಿಂದೆ ಅಲ್ಲಿ ಹೂಳುತ್ತಿದ್ದರಂತೆ. ಹೆಂಗಸರಿಗೆ ಜಾಗ ಹೇಳುತ್ತಿರಲಿಲ್ಲವಂತೆ. ಅಜ್ಜಿ ಮಾತ್ರ ಗಂಡನ ಹಿಂದೆ ಕದ್ದು ಬಂದು ನೋಡಿದ್ದಳಂತೆ. ಇಲ್ಲಿ ಅಗೆಯಬೇಡಿ ಎಂದು ಕೇಳಿಕೊಳ್ಳುತ್ತಿದ್ದಳು.

ಅಜ್ಜಿ ನನ್ನ ಮುಖ ನೋಡುತ್ತಾ ಇನ್ನೊಂದು ಮಾತು ಹೇಳಿದಳು. ಸಿಸ್ಟರ್ ಹಿಂಜರಿಯುತ್ತಲೇ ಅದನ್ನು ನನಗೆ ಹೇಳಿದರು.

"ನಿಮ್ಮನೇಲೂ ಒಂದು ಕೂಸು ಹಿಂಗೇ ಹೋಗ್ಬುಟ್ಟದೆ, ಅದುನ್ನ ಎಲ್ಲಿ ಮಡಗಿದ್ದೀರಿ ಅಂತ ಕೇಳ್ತಾವ್ರೆ ಕಣಪ್ಪ."

ಕಾಯನ್ನು ಅಜ್ಜಿಯ ಪಕ್ಕದಲ್ಲೇ ಬಿಟ್ಟು ನಾನು ಶಾಲೆಯ ಕಡೆ ನಡೆದೆ.

ಮಾರನೇ ದಿನ ಗೂಟ ನೆಟ್ಟ ಕಡೆಯೇ ಕೊರೆದರು. ಸಂಜೆವರೆಗೂ ಬರೀ ಧೂಳು ಬಂತು. ಸುತ್ತ ನಿಂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಕ್ಯಾನು ಎತ್ತಿಕೊಂಡು ಹೋದರು, ಯಾರೂ ನಮ್ಮನ್ನು ದೂರಲಿಲ್ಲ. ಬೋಳು ನೆಲದಲ್ಲಿ ಕೊರೆಯೋಣ ಎಂದು ಚಿನ್ನಪ್ಪಣ್ಣನೂ ಅನ್ನಲಿಲ್ಲ. ಅಲ್ಲಿ ನೀರಿತ್ತೋ ಇಲ್ಲವೋ, ಇನ್ನು ತಿಳಿಯುವ ಹಾಗಿಲ್ಲ. ಬಟ್ಟೆ, ಔಷಧಿ ಹಂಚಿ, ಪ್ರಾರ್ಥನೆ ಮಾಡಿ, ತಲೆತಗ್ಗಿಸಿಕೊಂಡು ಬಂದೆವು.

ಅವ್ವನಿಗೆ ನಾನು ಇದನ್ನೆಲ್ಲ ಹೇಳಲಿಲ್ಲ. ಒಂದು ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲೇ ಚಿನ್ನಪ್ಪಣ್ಣ ಹೇಳಿಬಿಟ್ಟ. ಅವಳು ಕೇಳಿಕೊಂಡು ಮನೆಯ ಕಡೆ ನಡೆದಳು. ತಿಂಗಳುಗಳು ಕಳೆದು ನವೆಂಬರ್ ಬಂತು. ಸಮಾಧಿಗಳಿಗೆ ಬತ್ತಿ ಹಚ್ಚಿ ಹೊರಗೆ ಬಂದಾಗ ಅವ್ವ ಮನೆಯ ಕಡೆ ತಿರುಗಲಿಲ್ಲ, ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಕೈಚೀಲದಲ್ಲಿ ಸುಲಿದ ಕಾಯಿ ಇತ್ತು.

"ಒಂದ್ಸತಿ ನೋಡ್ಬುಡು ಮಗ. ಇನ್ನೆಷ್ಟ್ ದಿನ ಒಗೆಯೋ ಕಲ್ ಮ್ಯಾಲೆ ಮಡಗ್ಲಿ?"

ಚೀಲ ಈಸಿಕೊಂಡು ಅವಳ ಜೊತೆ ಬಸ್ ಹತ್ತಿದೆ. ಭೀಮನಬೀಡಿನಲ್ಲಿ ಇಳಿದು, ಅಪ್ಪ ಅವತ್ತು ಹೋದದ್ದೆಂದು ಅವ್ವ ತೋರಿಸಿದ ದಿಕ್ಕು ಹಿಡಿದು ನಡೆದೆವು. ಊರಾಚೆ ಹಳ್ಳದ ದಂಡೆಯಲ್ಲಿ ಯಾರೂ ಉಳದ ಒಂದು ತುಂಡು ನೆಲವಿದೆ. ಚಿಕ್ಕವರಿದ್ದಾಗ ಅಲ್ಲಿ ಆಡಲು ಹೋದರೆ ದೊಡ್ಡವರು ಗದರಿಸಿ ಓಡಿಸುತ್ತಿದ್ದರು, ಕಾರಣ ಹೇಳುತ್ತಿರಲಿಲ್ಲ. ಮಧ್ಯಾಹ್ನದ ಬಿಸಿಲು. ಅವ್ವ ಬದುವಿನ ಮೇಲೆ ಕುಳಿತಳು. ನಾನು ಕಾಯನ್ನು ಅಂಗೈ ಮೇಲೆ ಮಲಗಿಸಿಕೊಂಡೆ.

ದಂಡೆಯಲ್ಲಿ ಕಾಲಿಟ್ಟ ಸ್ವಲ್ಪದರಲ್ಲೇ ಅದು ಎದ್ದು ನಿಂತಿತು. ಅದೇ ಭಾರ, ಅದೇ ತಣುಪು. ಅವ್ವನನ್ನು ಕೂಗಬೇಕೆಂದು ಒಂದು ಹೆಜ್ಜೆ ತಿರುಗಿದೆ. ಕಾಯಿ ಮಲಗಿತು, ಮರುಹೆಜ್ಜೆಗೆ ಮತ್ತೆ ಎದ್ದಿತು. ಬಲಕ್ಕೆ ಹೋದೆ, ಎದ್ದಿತು. ಹಳ್ಳದ ಕಡೆ ಹೋದೆ, ಎದ್ದಿತು. ಆ ನೆಲದಲ್ಲಿ ನಾನು ಎತ್ತ ತಿರುಗಿದರೂ ಅದು ಮಲಗುತ್ತಿತ್ತು, ಏಳುತ್ತಿತ್ತು. ಹಿಂದಿನವರೆಲ್ಲ, ಎಷ್ಟೋ ತಲೆಮಾರಿನವರು, ಎಲ್ಲಾ ಬೀದಿಯವರು, ಟವೆಲಿನಲ್ಲಿ ಸುತ್ತಿಕೊಂಡು ಇಲ್ಲಿಗೇ ಬಂದಿದ್ದರು ಎಂದು ಆಗ ನನಗೆ ಅನ್ನಿಸಿತು. ಕಾಲು ಎಲ್ಲಿಡಬೇಕೆಂದು ತಿಳಿಯದೆ ನಿಂತುಬಿಟ್ಟೆ.

ಅವ್ವ ಎದ್ದು ಬಂದಳು. ನನ್ನ ಮುಖ ನೋಡಿದಳು, ಕಾಯಿ ನೋಡಿದಳು.

"ಯಾವ್ದಪ್ಪ ನಮ್ದು?"

ಗೊತ್ತಾಗುತ್ತಿಲ್ಲ ಅವ್ವ, ಎಲ್ಲಾ ಕಡೆ ನಿಲ್ಲುತ್ತದೆ ಎಂದೆ. ಅವಳು ಆ ನೆಲವನ್ನು ಆ ತುದಿಯಿಂದ ಈ ತುದಿವರೆಗೆ ನೋಡಿದಳು. ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ. ನಿಂತಲ್ಲೇ ಕುಕ್ಕುರುಗಾಲಿನಲ್ಲಿ ಕುಳಿತು, ಸೆರಗಿನ ಗಂಟು ಬಿಚ್ಚಿ ಬತ್ತಿ ತೆಗೆದು ಮಣ್ಣಿಗೆ ಚುಚ್ಚಿ ಹಚ್ಚಿದಳು. ಗಾಳಿಗೆ ಆರಿ ಆರಿ ಹೋಯಿತು. ಸೆರಗು ಅಡ್ಡ ಹಿಡಿದು ಮತ್ತೆ ಹಚ್ಚಿದಳು.

"ಯಾರ್ದಾದ್ರೂ ಆಗ್ಲಿ ಬುಡು. ಅವ್ಕೂ ಯಾರೂ ಬತ್ತಿ ಹಚ್ಚಿಲ್ವಲ್ಲ."

ಬತ್ತಿ ಪೂರ್ತಿ ಉರಿಯುವವರೆಗೆ ಕುಳಿತಿದ್ದು, ಸಂಜೆಯ ಬಸ್ಸಿಗೆ ಬಂದೆವು.

ಹಳ್ಳದ ದಂಡೆಯೆಂದ ಮೇಲೆ ಕೆಳಗೆಲ್ಲ ನೀರಿದ್ದೇ ಇರುತ್ತದೆ, ಅದಕ್ಕೇ ನಿಂತಿದೆ ಎನ್ನುತ್ತಾನೆ ಚಿನ್ನಪ್ಪಣ್ಣ. ಎರಡು ಕಡೆಯೂ ನನ್ನ ಕೈಯೇ ನಡುಗಿರಬಹುದು ಎಂದು ನನ್ನೊಳಗಿನ ಮೇಷ್ಟ್ರು ಹೇಳುತ್ತಾನೆ. ಎರಡನ್ನೂ ಒಪ್ಪಿಕೊಳ್ಳಬಹುದು. ಆದರೆ ನನ್ನ ಭಾಷೆ ತಿಳಿಯದ, ನನ್ನ ಊರು ಕಾಣದ ಆ ಅಜ್ಜಿಗೆ ನಮ್ಮ ಮನೆಯ ಕೂಸಿನ ವಿಷಯ ಯಾರು ಹೇಳಿದರು? ಇದಕ್ಕೆ ಮಾತ್ರ ಎಷ್ಟು ತಲೆಕೆಡಿಸಿಕೊಂಡರೂ ಉತ್ತರ ಸಿಕ್ಕಿಲ್ಲ. ಸಿಸ್ಟರ್ ಈಗ ಆ ಹಳ್ಳಿಯಲ್ಲಿಲ್ಲ, ಅಜ್ಜಿ ಬದುಕಿದ್ದಾಳೋ ಇಲ್ಲವೋ ಗೊತ್ತಿಲ್ಲ.

ಅವ್ವ ಈಗ ನವೆಂಬರಿನಲ್ಲಿ ಒಂದು ಬತ್ತಿ ಹೆಚ್ಚಿಗೆ ಕೊಳ್ಳುವುದಿಲ್ಲ, ಕಟ್ಟುಗಟ್ಟಲೆ ಕೊಳ್ಳುತ್ತಾಳೆ. ದಂಡೆಯ ತುಂಬ ಹಚ್ಚಿಟ್ಟು ಬರುತ್ತೇವೆ. ಪ್ರತಿ ಸಲ ಮನೆಗೆ ಬಂದು ಕೈಕಾಲು ತೊಳೆಯುವಾಗ, ಸಾಲದೆ ಹೋದವೇನೋ ಮಗ, ಎನ್ನುತ್ತಾಳೆ.